ಪಟ್ಟಿ ಸಡಿಲಾದ್ರೆ ಕತ್ತಿ ಕೆಡ್ತದೆ!

ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರು ಎಡಗೈಗಳ ಕಥೆ

ಸಾಗರ: ನಮ್ಮ ಕಚೇರಿಗೆ ಜನ ಬರುವುದು ದೂರು ಹೊತ್ತುಕೊಂಡು. ರಸ್ತೆ ಗುಂಡಿ, ನಲ್ಲಿಯಲ್ಲಿ ಬಾರದ ನೀರು, ಊರಿಗೆ ಬಾರದ ಬಸ್ಸು, ಅಡಿಕೆಗೆ ಬಂದ ಕೊಳೆ ರೋಗ, ಪಹಣಿಯಲ್ಲಿ ಬಿಟ್ಟುಹೋದ ಹೆಸರು. ಮೊನ್ನೆ ಬಂದ ಹುಡುಗ ಮಾತ್ರ ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಒಂದು ತೊಗಲಿನ ಪಟ್ಟಿ. ನಾಲ್ಕು ಬೆರಳಗಲ, ಒಂದೂಕಾಲು ಮೊಳ ಉದ್ದ. ನಡುವೆ ಅಡ್ಡಡ್ಡ ಸೀಳಿ ಹೋಗಿತ್ತು. ಒಂದು ಅಂಚಿನಲ್ಲಿ ಮಾತ್ರ ಹಿಡಿದುಕೊಂಡಿತ್ತು.

ಹುಡುಗ ಬೆಂಗಳೂರಿನ ಕಂಪ್ಯೂಟರ್ ಕಂಪನಿಯವನು. ಈಗ ಊರಿನ ಮನೆಯಿಂದಲೇ ಕೆಲಸ. ಜರ್ಮನಿಯ ಸೋಲಿಂಗನ್ ಊರಿನ ಕ್ಷೌರದ ಕತ್ತಿಯೊಂದನ್ನು ಮೊಬೈಲಿನಲ್ಲೇ ನೋಡಿ, ಮೊಬೈಲಿನಲ್ಲೇ ದುಡ್ಡು ಕಟ್ಟಿ ತರಿಸಿದ್ದಾನೆ. ಜೊತೆಗೆ ಕತ್ತಿ ತೀಡುವ ಪಟ್ಟಿ. ಕಿಟಕಿ ಸರಳಿಗೆ ಪಟ್ಟಿ ಕಟ್ಟಿ, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕತ್ತಿ ಓಡಿಸಿದ್ದಾನೆ. ಮೂರನೇ ಸಲಕ್ಕೇ ಪಟ್ಟಿ ಸೀಳಿದೆ.

"ಸಾರ್, ಕತ್ತಿ ಹಿಡಿಯೋದು ಹೆಂಗೆ ಅಂತ ಎಲ್ಲರೂ ಹೇಳ್ತಾರೆ. ಪಟ್ಟಿ ಹಿಡಿಯೋದು ಹೆಂಗೆ ಅಂತ ಯಾರೂ ಸರಿಯಾಗಿ ಹೇಳಲ್ಲ. ನೀವು ಊರೂರು ತಿರುಗೋರು. ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ."

ಇದೆಂಥಾ ಸುದ್ದಿ ಅಂತ ಮೊದಲು ನಗು ಬಂತು. ಆಮೇಲೆ ಯೋಚನೆ ಹತ್ತಿತು. ನನಗೆ ವಯಸ್ಸು ಮೂವತ್ತು ದಾಟಿದೆ. ಮೀಸೆ ಚಿಗುರಿದಾಗಿನಿಂದ ನನ್ನ ಗದ್ದಕ್ಕೆ ತಾಗಿದ್ದು ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೇ. ಪಟ್ಟಿಯ ಮೇಲೆ ಕತ್ತಿ ಓಡುವ ಪಟಪಟ ಸದ್ದನ್ನು ಅಜ್ಜನ ಬಾಯಲ್ಲಿ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡವನಲ್ಲ. ಹಾಗಾದರೆ ಕಂಡವರು, ಮಾಡಿದವರು ಎಷ್ಟು ಮಂದಿ ಉಳಿದಿದ್ದಾರೆ? ಬೈಕಿಗೆ ಪೆಟ್ರೋಲ್ ಹಾಕಿಸಿ ಮೂರು ತಾಲ್ಲೂಕು ಸುತ್ತಿದೆ. ಸಿಕ್ಕವರು ಮೂವರು. ಮೂವರಿಗೂ ಎಪ್ಪತ್ತು ದಾಟಿದೆ. ಮೂವರೂ ಹೆಸರು ಹಾಕಬೇಡಿ ಅಂದರು. ಯಾಕೆ ಅನ್ನುವುದು ಕೊನೆಗೆ ಬರುತ್ತದೆ.

ಕತ್ತಿ ಹೋಯ್ತು, ಬ್ಲೇಡು ಬಂತು

ಮೊದಲು ಪಟ್ಟಿಯ ಕೆಲಸ ಏನು ಅಂತ ತಿಳಿಯಬೇಕು. ಕಲ್ಲಿನ ಮೇಲೆ ಮಸೆದರೆ ಕತ್ತಿಯ ಉಕ್ಕು ಸವೆದು ಬಾಯಿ ಹೊಸದಾಗುತ್ತದೆ. ಪಟ್ಟಿಯ ಮೇಲೆ ಹಾಗಲ್ಲ. ಅಲ್ಲಿ ಬಾಯಿ ನೆಟ್ಟಗಾಗುತ್ತದೆ, ನುಣುಪಾಗುತ್ತದೆ. ಕಲ್ಲಿನ ಕೆಲಸ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಪಟ್ಟಿಯ ಕೆಲಸ ಪ್ರತಿ ಗದ್ದಕ್ಕೂ.

ಕೂದಲಿನಂಥ ಕೂದಲು ಉಕ್ಕನ್ನು ಏನು ಮಾಡೀತು ಅಂತ ನೀವು ಕೇಳಬಹುದು. 2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಇದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿ ಓರೆಯಾಗಿ ತಾಗಿದಾಗ ಉಕ್ಕಿನ ಅಂಚು ಚಕ್ಕೆ ಏಳುತ್ತದೆ ಅಂತ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ನಮ್ಮ ಅಂಗಡಿಗಳಲ್ಲಿ ಇದನ್ನು ಯಾವ ಯಂತ್ರವೂ ಇಲ್ಲದೆ ಕಿವಿಯಲ್ಲೇ ಕಂಡುಹಿಡಿದಿದ್ದರು. ಗಡ್ಡ ಹೆರೆಯುವಾಗ ಕತ್ತಿಯ ಸದ್ದು ಬದಲಾದರೆ ಕೈ ತಾನಾಗಿ ಪಟ್ಟಿಯ ಕಡೆ ಹೋಗುತ್ತಿತ್ತು.

ಅಮೆರಿಕದಲ್ಲಿ ಜಿಲೆಟ್ ಅನ್ನುವವನು 1901ರಲ್ಲಿ ಕಂಪನಿ ಕಟ್ಟಿ, 1904ರಲ್ಲಿ ಬಿಸಾಡುವ ಬ್ಲೇಡಿಗೆ ಪೇಟೆಂಟ್ ಪಡೆದ. ಅದು ಮನೆಯಲ್ಲಿ ಗಡ್ಡ ಮಾಡಿಕೊಳ್ಳುವವರ ಮಾತಾಯಿತು. ಅಂಗಡಿಯ ಕತ್ತಿಗೆ ನಿಜವಾದ ಪೆಟ್ಟು ಬಿದ್ದದ್ದು ಬಹಳ ತಡವಾಗಿ. 1986ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. ಆಮೇಲಿನ ವರ್ಷಗಳಲ್ಲಿ ಭಯ ಮಲೆನಾಡಿನ ಸಂತೆಗಳಿಗೂ ಬಂತು. "ಬ್ಲೇಡು ಹೊಸತು ಹಾಕು ಮಾರಾಯ" ಅಂತ ಗಿರಾಕಿಗಳೇ ಹೇಳತೊಡಗಿದರು. ಒಂದು ಬ್ಲೇಡನ್ನು ಎರಡು ಮಾಡಿ ಅರ್ಧ ಸಿಕ್ಕಿಸುವ ಕತ್ತಿ ಬಂತು. ಪಟ್ಟಿ ಕೊಕ್ಕೆಯಿಂದ ಇಳಿದು ಅಟ್ಟ ಸೇರಿತು.

ಸಾಗರದ ಮುಷ್ಟಿ

ಮೊದಲು ಸಿಕ್ಕವರು ಸಾಗರದ ಹಿರಿಯರು. ಅಂಗಡಿ ಈಗ ತಮ್ಮನ ಮಗನದು. ಇವರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಾರೆ. ಸೀಳಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ನೋಡಿದರು.

"ತಮ್ಮಾ, ಇದು ಕತ್ತಿ ತಪ್ಪಲ್ಲ. ಎಡಗೈ ತಪ್ಪು. ಪಟ್ಟಿ ಜೋತು ಬಿದ್ದಿತ್ತು. ಜೋತು ಬಿದ್ದ ಕಡೆ ಕತ್ತಿ ಹೊರಳಿಸಿದಾನೆ. ಬಾಯಿ ಇಳಿದುಬಿಟ್ಟಿದೆ."

ಒಳಗಿಂದ ತಮ್ಮ ಹಳೇ ಪಟ್ಟಿ ತರಿಸಿದರು. ಎಮ್ಮೆ ತೊಗಲು, ಕರ್ರಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ತುದಿಯಲ್ಲಿ ಕೊಕ್ಕೆಗೆ ಹಾಕುವ ಕಬ್ಬಿಣದ ಬಳೆ. ಇನ್ನೊಂದು ತುದಿಯನ್ನು ಗೇಣುದ್ದದ ಮರದ ತುಂಡಿನ ಮೇಲೆ ಮಡಚಿ ಹೊಲಿದಿದ್ದರು. ಆ ತುಂಡನ್ನು ಅವರು ಹಿಡಿದದ್ದು ಸೈಕಲ್ ಹ್ಯಾಂಡಲ್ ಹಿಡಿದ ಹಾಗೆ. ಅಂಗೈ ಕೆಳಮುಖ. ತೋರುಬೆರಳು ಪಟ್ಟಿಯ ಒಂದು ಅಂಚಿನ ನೇರಕ್ಕೆ, ಕಿರುಬೆರಳು ಇನ್ನೊಂದು ಅಂಚಿನ ನೇರಕ್ಕೆ.

ಮರದ ತುಂಡು ಯಾಕೆ? ಬರೀ ತೊಗಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಮುಷ್ಟಿ ಬಿಗಿಯಾದ ಹಾಗೂ ತೊಗಲು ಮುದುಡುತ್ತದೆ. ಎರಡು ಅಂಚು ಮೇಲೆದ್ದು, ನಡು ತಗ್ಗಿ, ಹಾಳೆದೊನ್ನೆಯ ಹಾಗಾಗುತ್ತದೆ. ಅಂಥ ಪಟ್ಟಿಯ ಮೇಲೆ ಕತ್ತಿ ಓಡಿಸಿದರೆ ತೊಗಲು ತಾಗುವುದು ಎರಡು ಕೊನೆಗೆ ಮಾತ್ರ. ನಡುವಿನ ಬಾಯಿ ಹಸಿದುಕೊಂಡೇ ಇರುತ್ತದೆ. ಮರದ ತುಂಡಿದ್ದರೆ ಪಟ್ಟಿ ಚಪ್ಪಟೆಯಾಗೇ ಉಳಿಯುತ್ತದೆ.

"ತೋರುಬೆರಳು ಬಿಗಿ ಮಾಡಿ ಕಿರುಬೆರಳು ಸಡಿಲ ಬಿಟ್ರೆ ಪಟ್ಟಿ ಮಗ್ಗುಲಿಗೆ ವಾಲ್ತದೆ. ಎರಡಕ್ಕೂ ಸಮ ಕೂಲಿ ಕೊಡ್ಬೇಕು" ಅಂತ ಅಜ್ಜ ನಕ್ಕರು.

ಹೊಸನಗರದ ಮೂರು ಬೆರಳು

ಹೊಸನಗರ ತಾಲ್ಲೂಕಿನವರ ಹಿಡಿತವೇ ಬೇರೆ. ಅವರ ಪಟ್ಟಿಗೆ ಮರವೂ ಇಲ್ಲ, ಬಳೆಯೂ ಇಲ್ಲ. ಬರೀ ತೊಗಲಿನ ಬಾಲ. ಹೆಬ್ಬೆರಳು ಮೇಲೆ, ಸರಿಯಾಗಿ ಅಗಲದ ನಡುವಿಗೆ. ತೋರುಬೆರಳು, ನಡುಬೆರಳು ಕೆಳಗೆ, ಅಂಚುಗಳ ಕಡೆ ಕವೆಯ ಹಾಗೆ ಅಗಲಿಸಿಕೊಂಡು. ಉಳಿದೆರಡು ಬೆರಳು ಅಂಗೈಯೊಳಗೆ ಮಡಚಿಕೊಂಡಿರುತ್ತವೆ. ಮೂರು ಬೆರಳಲ್ಲೇ ಕೆಲಸ.

ಇವರ ತಂದೆ ಶರಾವತಿ ದಂಡೆಯ ಹಳ್ಳಿಯವರು. ಮನೆಮನೆಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ಭತ್ತ ತರುತ್ತಿದ್ದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕಿನ ಹಳ್ಳಿಗಳು ನೀರಿನಡಿ ಹೋದಾಗ ಆ ಮನೆಗಳೆಲ್ಲ ದಿಕ್ಕಾಪಾಲಾದವು. ಹೊಲ ಕಳೆದುಕೊಂಡವರಿಗೆ ಹೊಲ ಹೋಯಿತು ಅಂತ ಲೆಕ್ಕವಿತ್ತು. ಗಿರಾಕಿ ಕಳೆದುಕೊಂಡವರಿಗೆ ಏನು ಹೋಯಿತು ಅಂತ ಯಾವ ಕಾಗದದಲ್ಲಿ ಬರೆಯುತ್ತಾರೆ? ತಂದೆ ಮಗನಿಗೆ ಕೊಟ್ಟದ್ದು ಒಂದು ಪೆಟ್ಟಿಗೆ, ಎರಡು ಕತ್ತಿ, ಒಂದು ಕಲ್ಲು, ಈ ಪಟ್ಟಿ.

"ತಿರುಗಾಟದ ಕೆಲಸ ನೋಡಿ. ಕೊಕ್ಕೆ ಎಲ್ಲಿರ್ತಿತ್ತು? ಜಗಲಿ ಕಂಬಕ್ಕೋ, ಕೊಟ್ಟಿಗೆ ಗೂಟಕ್ಕೋ, ಮಾವಿನ ಕೊಂಬೆಗೋ ಸಿಕ್ಕಿಸ್ತಿದ್ವಿ. ಎಲ್ಲೂ ಸಿಗದಿದ್ರೆ ಕಾಲಿನ ಹೆಬ್ಬೆರಳಿಗೇ ಸುತ್ತಿ ಎಳ್ಕಂಡು ತೀಡೋದು. ಅದೂ ಇಲ್ದಿದ್ರೆ ಅಂಗೈ ಮೇಲೆ."

ಅಂಗೈ ಮೇಲೆ ತೀಡುವುದು ಸುಳ್ಳಲ್ಲ. ದೇಶದ ತುಂಬ ಬೀದಿ ಬದಿಯ ಕ್ಷೌರಿಕರು ಮಾಡುತ್ತಿದ್ದ ಕೆಲಸ. ಅಂಗೈಯೂ ತೊಗಲೇ ತಾನೆ? ಆದರೆ ಓದುಗರು ದಯವಿಟ್ಟು ಮನೆಯಲ್ಲಿ ಮಾಡಲು ಹೋಗಬೇಡಿ. ಪಟ್ಟಿ ಸೀಳಿದರೆ ದುಡ್ಡು ಹೋಗುತ್ತದೆ. ಅಂಗೈ ಸೀಳಿದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಮೂರು ಬೆರಳ ಹಿಡಿತದ ಗುಣ ಏನೆಂದರೆ, ಪಟ್ಟಿ ಒಂದಿಷ್ಟು ತಿರುಚಿದರೂ ಬೆರಳಿಗೆ ತಿಳಿಯುತ್ತದೆ. ದೋಷ ಎರಡು. ಬಲವಾಗಿ ಎಳೆದರೆ ಹೆಬ್ಬೆರಳು ಬೇಗ ಸೋಲುತ್ತದೆ. ಎರಡನೆಯದು, ಹೆಬ್ಬೆರಳು ಪಟ್ಟಿಯ ಮೇಲೇ ಕೂತಿರುತ್ತದೆ. ಕತ್ತಿ ಕೈಯ ಕಡೆ ಬರುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಆಗ ಭಯವಿಲ್ಲ. ತುದಿಯಲ್ಲಿ ಹೊರಳಿಸಿದ ಕೂಡಲೆ ಬಾಯಿ ಕೈಯ ಕಡೆ ತಿರುಗುತ್ತದೆ. ಆಗ ಭಯ. ಹೊರಳಿಸುವ ಜಾಗಕ್ಕೂ ಹೆಬ್ಬೆರಳಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಬೇಕು. ಅಣ್ಣನ ಎಡ ಹೆಬ್ಬೆರಳಲ್ಲಿ ಬಿಳೀ ಗೆರೆಯೊಂದಿದೆ. ಹದಿನಾಲ್ಕನೇ ವಯಸ್ಸಿನಲ್ಲಿ ಜಾಗ ಬಿಡದೆ ಕಲಿತ ಪಾಠ ಅದು.

ತೀರ್ಥಹಳ್ಳಿಯ ಬಳೆ

ತೀರ್ಥಹಳ್ಳಿಯವರು ತುಂಗಾ ನದಿ ಕಡೆ ಬಾಗಿಲಿರುವ ಮನೆಯಲ್ಲಿದ್ದಾರೆ. ನಲವತ್ತು ವರ್ಷ ನಿಂತು ಕೆಲಸ ಮಾಡಿದ ಮೈ. ಈಗ ಎಡ ಭುಜ ಮೇಲೆತ್ತಲು ಬರುವುದಿಲ್ಲ. ಆದರೆ ಪಟ್ಟಿ ಕೈಗೆ ಕೊಟ್ಟ ಕೂಡಲೆ ಮೈ ನೆಟ್ಟಗಾಯಿತು.

ಅವರ ಪಟ್ಟಿಯ ತುದಿಗೆ ಅರ್ಧಚಂದ್ರದಂಥ ಬಳೆ. ನಡುಬೆರಳು, ಉಂಗುರದ ಬೆರಳು ಎರಡನ್ನೇ ಕೆಳಗಿನಿಂದ ಬಳೆಯೊಳಗೆ ತೂರಿಸಿ ಕೊಕ್ಕೆ ಮಾಡಿದರು. ಹೆಬ್ಬೆರಳನ್ನು ಬಳೆಯ ಮೇಲೆ ಸುಮ್ಮನೆ ಇಟ್ಟರು, ಪಟ್ಟಿ ತಿರುಚದ ಹಾಗೆ. ಮೊಣಕೈ ಪಕ್ಕೆಲುಬಿಗೆ ತಾಗಿಸಿದರು. ಮಣಿಕಟ್ಟು ನೆಟ್ಟಗೆ. ಆಮೇಲೆ ತೋಳಿನಿಂದ ಎಳೆಯಲಿಲ್ಲ. ಅರ್ಧ ಹೆಜ್ಜೆ ಹಿಂದೆ ಸರಿದರು, ಅಷ್ಟೇ. ಪಟ್ಟಿ ತಂತಿಯ ಹಾಗೆ ನಿಂತಿತು.

"ತೋಳಲ್ಲಿ ಎಳೆದ್ರೆ ಹತ್ತು ಗಡ್ಡಕ್ಕೇ ಸುಸ್ತು. ಮೈ ಭಾರದಲ್ಲಿ ಎಳೀಬೇಕು. ಇದು ನಂಗೆ ಗೊತ್ತಾಗೋ ಹೊತ್ತಿಗೆ ಭುಜ ಹೋಗಿತ್ತು ಮಾರಾಯ್ರೆ. ಮೊದ್ಲೇ ಹೇಳೋರು ಯಾರೂ ಇರಲಿಲ್ಲ."

ಮೂರು ಊರಿನ ಮೂರು ಪದ್ಧತಿ ಅಂತ ಯಾರೂ ತಿಳಿಯಬೇಡಿ. ಇವು ಮೂವರು ಮನುಷ್ಯರ ಮೂರು ಕೈ. ಪಟ್ಟಿಯ ತುದಿಯಲ್ಲಿ ಏನಿದೆಯೋ ಅದಕ್ಕೆ ಹೊಂದಿಕೊಂಡು ಕೈ ಕಲಿತಿದೆ. ಮರವಿದ್ದರೆ ಮುಷ್ಟಿ, ಬಳೆಯಿದ್ದರೆ ಎರಡು ಬೆರಳು, ಏನೂ ಇಲ್ಲದಿದ್ದರೆ ಮೂರು ಬೆರಳ ಚಿಮಟ.

ಮೂವರೂ ಒಪ್ಪಿದ ಮಾತು

ಹಿಡಿತ ಬೇರೆಯಾದರೂ ಕೆಲವು ಮಾತಿಗೆ ಮೂವರದೂ ಒಂದೇ ರುಜು. ಬರೆದುಕೊಳ್ಳಿ.

ಒಂದು: ಎಳೆತ ಅಗಲದ ನಡುವಿನಿಂದ ಹೋಗಬೇಕು. ಮೂಲೆ ಹಿಡಿದು ಎಳೆದರೆ ಒಂದು ಅಂಚು ಬಿಗಿ, ಇನ್ನೊಂದು ಸಡಿಲ. ಕತ್ತಿಯ ಒಂದು ತುದಿ ಹರಿತ, ಇನ್ನೊಂದು ಮೊಂಡು.

ಎರಡು: ಕೊಕ್ಕೆ ಹೊಕ್ಕುಳಿಗಿಂತ ಮೇಲೆ, ಎದೆಗಿಂತ ಕೆಳಗೆ ಇರಬೇಕು. ಪಟ್ಟಿ ಹೆಚ್ಚುಕಡಿಮೆ ಸಮತಟ್ಟು, ನಿಮ್ಮ ಕಡೆಗೆ ಸ್ವಲ್ಪ ಇಳಿಜಾರಾದರೂ ಅಡ್ಡಿಯಿಲ್ಲ. ಗೋಡೆಗೆ ತಾಗಿಸಿ ನೇತುಹಾಕಿ ಮೇಲಿಂದ ಕೆಳಗೆ ಎಳೆಯುವುದು ಸಿನಿಮಾದಲ್ಲಿ ಮಾತ್ರ.

ಮೂರು: ಬಿಗಿ ಒಂದೇ ಸಮ ಇರಬೇಕು. ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ, ಹೊರಳಿಸುವಾಗಲೂ ಅಷ್ಟೇ. ಕಲಿಯುವವರ ಎಡಗೈ ಸಡಿಲಾಗುವುದು ಹೊರಳಿಸುವ ಹೊತ್ತಿಗೆ. ಕಣ್ಣೂ ಮನಸ್ಸೂ ಕತ್ತಿಯ ಮೇಲಿರುತ್ತದೆ, ಎಡಗೈಯನ್ನು ಮರೆತುಬಿಡುತ್ತಾರೆ. ನಮ್ಮ ಹುಡುಗನ ಪಟ್ಟಿ ಸೀಳಿದ್ದೂ ಅಲ್ಲೇ.

ನಾಲ್ಕು: ಬೆರಳುಗಳನ್ನು ಕತ್ತಿ ಓಡುವ ಜಾಗದಲ್ಲಿ ಒತ್ತಬಾರದು. ಒತ್ತಿದ ಕಡೆ ಗುಳಿ ಬೀಳುತ್ತದೆ. ಗುಳಿಯ ಮೇಲೆ ಕತ್ತಿ ಎಗರುತ್ತದೆ.

ಎಷ್ಟು ಬಿಗಿ ಅನ್ನುವುದರಲ್ಲಿ ಮಾತ್ರ ಜಗಳ. ಪಟ್ಟಿಯ ನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಭತ್ತದ ಕಾಳಿನಷ್ಟು ತಗ್ಗಬಹುದು ಅಂತ ಹೊಸನಗರದವರು. ಅದೂ ಕೂಡದು ಅಂತ ತೀರ್ಥಹಳ್ಳಿಯವರು. ಸಾಗರದವರು ಇಬ್ಬರನ್ನೂ ಕೇಳಿ, "ಅವರವರ ಕತ್ತಿ, ಅವರವರ ಗಿರಾಕಿ" ಅಂತ ಸುಮ್ಮನಾದರು.

ಸಡಿಲ ಯಾಕೆ ಕೂಡದು?

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಬಂದವನಿಗೆ ವಿಜ್ಞಾನ ಹೇಳುವ ಯೋಗ್ಯತೆ ಎಷ್ಟು ಅಂತ ನೀವು ಕೇಳಬಹುದು. ಆದರೂ ಇದು ತಲೆಗೆ ಹೋಯಿತು, ಹೇಳಿಬಿಡುತ್ತೇನೆ.

ಕ್ಷೌರದ ಕತ್ತಿಯ ಬೆನ್ನು ದಪ್ಪ, ಬಾಯಿ ತೆಳು. ಕತ್ತಿಯನ್ನು ಪಟ್ಟಿಯ ಮೇಲೆ ಮಲಗಿಸಿದರೆ ಬೆನ್ನೂ ಬಾಯೂ ಎರಡೂ ತೊಗಲಿಗೆ ತಾಗುತ್ತವೆ. ಬೆನ್ನಿನ ದಪ್ಪವೇ ಬಾಯಿಯ ಕೋನವನ್ನು ಕಾಯುತ್ತದೆ. ಪಟ್ಟಿ ನೆಟ್ಟಗಿದ್ದರೆ ತೊಗಲು ಬಾಯಿಯನ್ನು ನೇರವಾಗಿ ಸವರಿಕೊಂಡು ಹೋಗುತ್ತದೆ. ಜೋತು ಬಿದ್ದರೆ? ಕತ್ತಿಯ ಭಾರಕ್ಕೆ ತೊಗಲು ತಗ್ಗುತ್ತದೆ, ಬಾಯಿಯ ಹಿಂದೆ ಮೇಲೆದ್ದು ಅದನ್ನು ಸುತ್ತಿಕೊಳ್ಳುತ್ತದೆ. ಆಗ ಸವರುವ ಬದಲು ಬಾಯಿಯ ತುದಿಯನ್ನೇ ದುಂಡಗೆ ಮಾಡುತ್ತದೆ. ಚೆನ್ನಾಗಿ ಮಸೆದ ಕತ್ತಿಯ ಬಾಯಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತೆಳು. ಅದನ್ನು ದುಂಡಗೆ ಮಾಡಲು ಎಷ್ಟು ಹೊತ್ತು ಬೇಕು?

ಅಡಿಕೆ ಸೀಮೆಯವರಿಗೆ ಇದನ್ನು ಬೇಗ ತಿಳಿಸಬಹುದು. ಕೊನೆಗೌಡ ಮರದ ತುದಿಯಿಂದ ಕೊನೆಯನ್ನು ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗೊಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ಹೊಗಳಿಕೆಯೆಲ್ಲ ಮರ ಹತ್ತಿದವನಿಗೆ. ಆದರೆ ಕೆಳಗಿನವನು ಹಗ್ಗ ಸಡಿಲ ಬಿಟ್ಟನೋ, ಕೊನೆ ನಡುದಾರಿಯಲ್ಲೇ ನೆಲಕ್ಕೆ ಬಡಿದು ಅಡಿಕೆ ಚೆಲ್ಲಾಪಿಲ್ಲಿ. ಪಟ್ಟಿ ಹಿಡಿದ ಎಡಗೈ ಅಂದರೆ ಆ ಹಗ್ಗ ಹಿಡಿದವನು.

ಇನ್ನು ಬಲಗೈಯ ಮಾತು ಎರಡೇ ಸಾಲು. ಯಾವಾಗಲೂ ಬೆನ್ನು ಮುಂದೆ, ಬಾಯಿ ಹಿಂದೆ. ಹೊರಳಿಸುವುದು ಬೆನ್ನಿನ ಮೇಲೆ, ಬಾಯಿಯ ಮೇಲೆ ಅಲ್ಲ. ಒತ್ತಬಾರದು, ಕತ್ತಿಯ ಭಾರವೇ ಸಾಕು. ಪಟ್ಟಿ ಕತ್ತಿಗಿಂತ ಕಿರಿದಾಗಿದ್ದರೆ ಸ್ವಲ್ಪ ಓರೆಯಾಗಿ ಎಳೆದು ಹಿಡಿಯಿಂದ ತುದಿಯವರೆಗೂ ತಾಗಿಸಬೇಕು. ಗಟ್ಟಿ ಬಟ್ಟೆಯ ಪಟ್ಟಿಯಿದ್ದರೆ ಮೊದಲು ಅದರ ಮೇಲೆ ಹತ್ತಿಪ್ಪತ್ತು ಸಲ, ಆಮೇಲೆ ತೊಗಲಿನ ಮೇಲೆ ಮೂವತ್ತು ನಲವತ್ತು ಸಲ. ಅಂಗಡಿಯಲ್ಲಿ ಅಷ್ಟು ಪುರುಸೊತ್ತು ಎಲ್ಲಿ? ಗಿರಾಕಿಗೂ ಗಿರಾಕಿಗೂ ನಡುವೆ ಹತ್ತು ಹನ್ನೆರಡು ಎಳೆದರೆ ಮುಗಿಯಿತು. ವೇಗವಾಗಿ ಪಟಪಟ ಅನಿಸುವುದು ಹತ್ತಾರು ವರ್ಷದ ಕೈ. ಕಲಿಯುವವರು ಮೊಂಡು ಚಾಕು ಹಿಡಿದು, ನಿಧಾನವಾಗಿ ಕಲಿಯಲಿ. ಸದ್ದು ತಾನಾಗಿ ಬರುತ್ತದೆ.

ಮಳೆಗಾಲದ ಕಾಟ

ನಮ್ಮ ಸೀಮೆಗೆ ಇನ್ನೊಂದು ಮಾತು ಸೇರಿಸಬೇಕು. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ರಾಜ್ಯದಲ್ಲೇ ಹೆಚ್ಚು ಮಳೆ ಸುರಿಯುವ ಜಾಗಗಳು. ಆಷಾಢದಲ್ಲಿ ಹಾಸಿಗೆಗೇ ಬೂಷ್ಟು ಹಿಡಿಯುವಾಗ ತೊಗಲು ಬಿಡುತ್ತದೆಯೇ? ತೇವ ಕುಡಿದ ತೊಗಲು ಹಿಗ್ಗುತ್ತದೆ. ಎಷ್ಟು ಎಳೆದರೂ ಬಿಗಿ ನಿಲ್ಲುವುದಿಲ್ಲ. ಹಾಗಂತ ಒಲೆ ಮೇಲೆ ಕಟ್ಟಿದರೆ ಒಣಗಿ ಬಿರಿಯುತ್ತದೆ. ಗಾಳಿಯಾಡುವ ಒಳಗೋಡೆಗೆ ನೆಟ್ಟಗೆ ನೇತುಹಾಕಿ, ದಿನಕ್ಕೊಮ್ಮೆ ಒಣಗಿದ ಅಂಗೈಯಿಂದ ಮೇಲಿಂದ ಕೆಳಗೆ ಉಜ್ಜಿದರೆ ಸಾಕು ಅಂತ ಮೂವರ ಮಾತು. ಕೈಯ ಜಿಡ್ಡೇ ಅದಕ್ಕೆ ಎಣ್ಣೆ. ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟರೆ ಸುರುಳಿಯ ಗುಣ ಬಿಡುವುದಿಲ್ಲ, ಆಮೇಲೆ ಯಾವ ಹಿಡಿತವೂ ಅದನ್ನು ನೆಟ್ಟಗೆ ಮಾಡದು. ಕತ್ತಿಗೆ ಮಾತ್ರ ಒಂದು ಹನಿ ಎಣ್ಣೆ ಸವರಿಡಬೇಕು, ಇಲ್ಲದಿದ್ದರೆ ಒಂದೇ ರಾತ್ರಿಗೆ ತುಕ್ಕು.

ಎಚ್ಚರಿಕೆಯ ಮಾತು

ಈ ಲೇಖನ ಓದಿ ಯಾರಾದರೂ ಅಂಗಡಿಯಲ್ಲಿ ಹಳೇ ಕತ್ತಿ, ಹಳೇ ಪಟ್ಟಿ ಮತ್ತೆ ತೆಗೆದರೆ ಅದು ನಮ್ಮ ತಪ್ಪಾಗುತ್ತದೆ. ಹಾಗೆ ಮಾಡಕೂಡದು. ಏಡ್ಸ್‌ಗಿಂತ ಇಲ್ಲಿ ಹೆಚ್ಚು ಹೆದರಬೇಕಾದದ್ದು ಪಿತ್ತಜನಕಾಂಗ ಕೆಡಿಸುವ ಹೆಪಟೈಟಿಸ್ ಬಿ. ಅದರ ವೈರಸ್ ಒಣಗಿದ ರಕ್ತದಲ್ಲೂ ಮೈಯ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಕತ್ತಿಯನ್ನು ಕುದಿಸಬಹುದು. ತೊಗಲನ್ನು ಕುದಿಸಲು ಬರುತ್ತದೆಯೇ? ಒಬ್ಬನ ಗದ್ದದ ರಕ್ತ ಕತ್ತಿಯಿಂದ ಪಟ್ಟಿಗೆ, ಪಟ್ಟಿಯಿಂದ ಇನ್ನೊಂದು ಗದ್ದಕ್ಕೆ. ಅಂಗಡಿಯಲ್ಲಿ ಕಣ್ಣೆದುರೇ ಹೊಸ ಬ್ಲೇಡು ಹಾಕಿಸಿಕೊಳ್ಳಿ. ಪಟ್ಟಿ ಮನೆಯಲ್ಲಿರಲಿ. ಒಬ್ಬನ ಕತ್ತಿ, ಒಬ್ಬನ ಪಟ್ಟಿ, ಒಬ್ಬನ ಗದ್ದ. ಇದನ್ನು ಮೊದಲು ಹೇಳಿದವರೂ ಆ ಮೂವರೇ.

ಹೆಸರು ಯಾಕೆ ಬೇಡ?

ಈಗ ಬಾಕಿ ಉಳಿದ ಮಾತು. ಹೆಸರು ಹಾಕಬೇಡಿ ಅಂದದ್ದು ಯಾಕೆ?

ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜ ನಮ್ಮದು. ಆ ಪದವನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಮೂವರ ಮೊಮ್ಮಕ್ಕಳೂ ಓದುತ್ತಿದ್ದಾರೆ, ಕೆಲಸದಲ್ಲಿದ್ದಾರೆ. "ಪೇಪರಿನಲ್ಲಿ ನಮ್ಮ ಹೆಸರು ಬಂದ್ರೆ ಮಕ್ಕಳಿಗೆ ಕಾಲೇಜಲ್ಲಿ ಕತ್ತಿ ತೋರಿಸ್ತಾರೆ ತಮ್ಮಾ" ಅಂದರು ಸಾಗರದವರು. 1951ರಲ್ಲಿ ಕೊಳಗದ ಅಳತೆಯಲ್ಲಿ ಆದ ಅನ್ಯಾಯಕ್ಕೆ ಕಾಗೋಡಿನ ಗೇಣಿದಾರರು ಎದ್ದು ನಿಂತ ತಾಲ್ಲೂಕು ಇದು. ಲೋಹಿಯಾ ಬಂದು ಬಂಧನವಾದದ್ದೂ ಇಲ್ಲೇ. ಆದರೆ ವರ್ಷವಿಡೀ ಮನೆಮಂದಿಯ ತಲೆ ಗಡ್ಡ ನೋಡಿಕೊಂಡು ಸುಗ್ಗಿಯಲ್ಲಿ ಅಂಗಳದಲ್ಲಿ ಭತ್ತಕ್ಕೆ ಕಾದು ನಿಂತವರ ಅಳತೆಯ ಬಗ್ಗೆ ಯಾರು ಸತ್ಯಾಗ್ರಹ ಮಾಡಿದರು?

ತೀರ್ಥಹಳ್ಳಿಯ ಹಿರಿಯರು ಇನ್ನೊಂದು ಮಾತು ಹೇಳಿದರು. ಹೇಳುವಾಗ ಪಟ್ಟಿಯನ್ನು ಕೈಯಿಂದ ಕೆಳಗಿಟ್ಟರು. ಅವರ ಅಪ್ಪನ ಕಾಲದಲ್ಲಿ ಇದೇ ಕತ್ತಿ, ಇದೇ ಪಟ್ಟಿ, ಗಂಡ ಸತ್ತ ಹೆಣ್ಣುಮಕ್ಕಳ ತಲೆಗೂ ಹೋಗುತ್ತಿತ್ತು. ಹಿತ್ತಿಲ ಬಾಗಿಲಿಂದ ಕರೆಯುತ್ತಿದ್ದರು. ಹದಿಮೂರು ಹದಿನಾಲ್ಕರ ಹುಡುಗಿಯರೂ ಇರುತ್ತಿದ್ದರು. "ಆ ದಿನ ಅಪ್ಪ ಜಾಸ್ತಿ ಹೊತ್ತು ತೀಡ್ತಿದ್ದರಂತೆ. ನೋವಾಗಬಾರ್ದು ಅಂತ. ಅದಕ್ಕಿಂತ ಹೆಚ್ಚು ಅವರ ಕೈಲಿ ಏನಿತ್ತು?"

ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ 1976ರಲ್ಲಿ 'ಫಣಿಯಮ್ಮ' ಬರೆದದ್ದು ಇಂಥದೇ ಬಾಲವಿಧವೆಯ ಬಾಳನ್ನು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಸಿನಿಮಾ ಮಾಡಿದರು. ಇದೇ ತಾಲ್ಲೂಕಿನ ಅನಂತಮೂರ್ತಿಯವರ ಕಥೆಯನ್ನು ಇದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿ 1977ರಲ್ಲಿ 'ಘಟಶ್ರಾದ್ಧ' ಮಾಡಿದಾಗ, ಕೊನೆಗೆ ತಲೆ ಬೋಳಿಸಿದ ಯಮುನಾಳನ್ನು ನಾಡೆಲ್ಲ ನೋಡಿತು. ಕತ್ತಿ ಹಿಡಿದವನ ಮನೆಯಲ್ಲಿ ಆ ರಾತ್ರಿ ಊಟ ಹೇಗೆ ಇಳಿಯಿತು ಅಂತ ನಾನು ಯೋಚಿಸಿದ್ದು ಮೊನ್ನೆಯೇ.

ಕೊರೊನಾ ಬಂದು ಅಂಗಡಿಗಳೆಲ್ಲ ಮುಚ್ಚಿದಾಗ, 2020ರ ಮೇ ತಿಂಗಳಲ್ಲಿ, ನಮ್ಮ ಜಿಲ್ಲೆಯವರೇ ಆದ ಮುಖ್ಯಮಂತ್ರಿ ಯಡಿಯೂರಪ್ಪ ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಿಸಿದರು. ರಾಜ್ಯದಲ್ಲಿ ಸುಮಾರು 2,30,000 ಕ್ಷೌರಿಕರು ಅನ್ನುವ ಲೆಕ್ಕವೂ ಆಗ ಬಂತು. ಅಷ್ಟು ಮಂದಿಯಲ್ಲಿ ಪಟ್ಟಿ ಹಿಡಿಯಲು ಬರುವವರು ಎಷ್ಟು ಅಂತ ಯಾರೂ ಎಣಿಸಿಲ್ಲ. ಎಣಿಸುವ ಅಗತ್ಯ ಅಂಗಡಿಗೆ ಈಗ ಇಲ್ಲ, ನಿಜ. ಆದರೆ ಒಂದು ಕೈಕಸುಬು ಹೋಗುವಾಗ ಅದರ ಜೊತೆ ಹೋಗುವುದು ಕತ್ತಿ ತೊಗಲು ಮಾತ್ರವೇ?

ಮಂಗಳವಾರ ಬಾ

ಮತ್ತೆ ಸಾಗರಕ್ಕೆ ಬಂದು ಹುಡುಗನನ್ನು ಕರೆದುಕೊಂಡು ಬೆಂಚಿನ ಅಜ್ಜನ ಹತ್ತಿರ ಹೋದೆ. ಅಜ್ಜ ಹುಡುಗನ ಕತ್ತಿಯನ್ನು ಬೆಳಕಿಗೆ ಹಿಡಿದು, ಉಗುರಿನ ಮೇಲೆ ಆಡಿಸಿ, "ಒಳ್ಳೇ ಉಕ್ಕು" ಅಂದರು. ಎಷ್ಟು ಕೊಟ್ಟೆ ಅಂತ ಕೇಳಿದರು. ಅವನು ಹೇಳಿದ ಮೊತ್ತ ಕೇಳಿ ಒಂದು ಕ್ಷಣ ಮಾತಾಡಲಿಲ್ಲ.

"ನಮ್ಮನೆ ಹುಡುಗ್ರು ಇದನ್ನ ಮುಟ್ಟೋಕೆ ನಾಚ್ತಾರೆ. ನೀವು ಇಷ್ಟು ದುಡ್ಡು ಕೊಟ್ಟು ಕಲೀತೀನಿ ಅಂತೀರಿ."

ಹುಡುಗನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಒಳಗೆ ಗಿರಾಕಿಯ ತಲೆ ಮೇಲೆ ಮಿಷನ್ ಆಡಿಸುತ್ತಿದ್ದ ತಮ್ಮನ ಮಗ ಕನ್ನಡಿಯಲ್ಲೇ ನಮ್ಮನ್ನು ನೋಡುತ್ತಿದ್ದ.

ಅಜ್ಜ ಎದ್ದು ಪಟ್ಟಿಯನ್ನು ಬಾಗಿಲ ಕೊಕ್ಕೆಗೆ ಹಾಕಿದರು. ಹುಡುಗನ ಎಡಗೈ ಹಿಡಿದು ಮರದ ತುಂಡಿನ ಮೇಲೆ ಒಂದೊಂದೇ ಬೆರಳನ್ನು ಕೂರಿಸಿದರು. ಮೊಣಕೈಯನ್ನು ಪಕ್ಕೆಗೆ ತಳ್ಳಿದರು. "ಕತ್ತಿ ಈಗ ಬೇಡ. ಬರೀ ಹಿಡ್ಕೊಂಡು ನಿಂತ್ಕೋ. ನಾನು ಹೇಳೋವರೆಗೂ ಸಡಿಲ ಬಿಡಬೇಡ."

ಐದು ನಿಮಿಷ ನಿಂತ. ಕೈ ನಡುಗತೊಡಗಿತು. ಅಜ್ಜ ಪಟ್ಟಿಯ ನಡುವೆ ಬೆರಳಿಟ್ಟು ಒತ್ತಿ ನೋಡಿದರು.

"ಅಡ್ಡಿಯಿಲ್ಲ. ಮಂಗಳವಾರ ಬಾ. ಅಂಗಡಿ ರಜೆ, ಜನ ಇರಲ್ಲ. ಕತ್ತಿ ಆವತ್ತು ಹಿಡಿಸ್ತೀನಿ."

ಆಮೇಲೆ ಒಳಗೆ ತಿರುಗಿ, ಕನ್ನಡಿಯಲ್ಲಿ ಕಾಣುತ್ತಿದ್ದ ತಮ್ಮನ ಮಗನಿಗೆ ಅಂದರು: "ನೀನೂ ಬಾರೋ."

ಅವನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮಂಗಳವಾರ ನಾನೂ ಹೋಗುತ್ತೇನೆ.